ಹಾರನ್ ಹೊಡೆದ ಹುಡುಗನಿಗೆ

ನಿಮ್ಮ ಬ್ರೇಕಪ್ ಹಾಡು, ಜೊತೆಗೆ ಮೊಬೈಲಲ್ಲಿ ಹಾಡಿ ಕಳ್ಸಿದ ಆಡಿಯೋ, ಎರಡೂ ಬಂದ್ವು. ದನಿ ಚೆನ್ನಾಗೈತೆ, ತಾಳ ತಪ್ಪಿಲ್ಲ, ಕಾಗುಣಿತನೂ ಪರವಾಗಿಲ್ಲ. ಹೊಗಳೋದು ಇಷ್ಟೇ.

ಪಲ್ಲವಿ ನೋಡ್ರಿ. "ನನ್ನ ಹೃದಯ ಚೂರು ಚೂರು, ಮೋಸಗಾತಿ ಹೋದೆ ದೂರು." ಪ್ರಾಸದ ಆಸೆಗೆ ದೂರ ಹೋಗ್ಬೇಕಾದ ಹುಡುಗಿನ ಪೊಲೀಸ್ ಸ್ಟೇಷನ್ನಿಗೆ ಕಳ್ಸಿದ್ದೀರಿ. ಅದನ್ನ ಬೇಕಾದ್ರೆ ನಕ್ಕು ಬಿಡ್ತೀನಿ, ಆದ್ರೆ ಆ "ಮೋಸಗಾತಿ" ಐತಲ್ಲ, ಅದು ನಂಗೆ ಮೈ ಉರಿಸ್ತು. ಹಂಗಂದ ತಕ್ಷಣ ಕೇಳೋನು ಅಳೋದು ಬಿಟ್ಟು ಪಂಚಾಯ್ತಿಗೆ ಕೂರ್ತಾನೆ, ತಡಿ ಮಾರಾಯ, ಆ ಹುಡುಗಿ ಏನಂತಾಳೋ ಕೇಳೋಣ ಅಂತಾನೆ, ಅಲ್ಲಿಗೆ ನಿಮ್ಮ ಹಾಡು ಮುಗೀತು. ನಮ್ಮ ಕಡೆ ಹೆಣ್ಮಕ್ಕಳು ಬೀಸೋಕಲ್ಲಿನ ಮುಂದೆ ಕೂತು ತವರಿನ ಮೇಲೆ ತ್ರಿಪದಿ ಹಾಡ್ತಿದ್ರು, ಮೂರೇ ಸಾಲು, ಪ್ರಾಸ ಎರಡನೇ ಅಕ್ಷರಕ್ಕೆ, ಸಾಲಿನ ಕೊನೇಲಿ ಚೂರು ದೂರು ಅಂತ ಒದ್ದಾಡೋ ಕೆಲಸನೇ ಇಲ್ಲ.

ಎರಡನೇ ಚರಣಕ್ಕೆ ಬಂದೆ, ಅಲ್ಲಿ ಸಿಕ್ಕಾಕ್ಕೊಂಡೆ. "ಪಿ.ಬಿ. ರೋಡಿನ ಸಿಗ್ನಲ್ಲಲ್ಲಿ ನಿನ್ನ ಸ್ಕೂಟಿ ಹಿಂದೆ ನಾನು, ಹಸಿರು ಬಿತ್ತು, ಹಾರನ್ನು ಹೊಡೆದವನೂ ನಾನೇ." ಅಯ್ಯೋ ಪುಣ್ಯಾತ್ಮ! ಹೋಗು ಅಂತ ನೀವೇ ಹೇಳಿದಂಗಾತು, ಅದೂ ಬಾಯಿಬಿಡ್ದೆ. ಓದಿ ಎದ್ದುಹೋಗಿ ಟೀ ಕುಡ್ಕೊಂಡು ಬಂದೆ. ವಾಪಸ್ ಬಂದು ಮುಂದಿನ ಸಾಲು ನೋಡ್ತೀನಿ, "ಅಯ್ಯೋ ವಿಧಿಯೇ ಏನೀ ನೋವು." ಯಾಕ್ರೀ? ಹಾರನ್ ಸಾಕಾಗ್ಲಿಲ್ವಾ? ಆ ವಿಧಿ ಸಾಲು ಹೊಡೆದುಹಾಕ್ರಿ.

ಇನ್ನೊಂದು, ಆಡಿಯೋದಲ್ಲಿ ಚರಣದ ಕೊನೆಗೆ "ಬಿಟ್ಟು" ಅಂತ ನಿಲ್ಸಿ ಎಳೀತೀರಿ. ಎಳೆಯೋಕೆ ಅಲ್ಲೇನೈತೆ? ಒತ್ತಕ್ಷರಕ್ಕೆ ನಾಲಿಗೆ ಅಂಗುಳಕ್ಕೆ ಬಡಿದು ಉಸಿರು ಕಟ್ ಆಗುತ್ತೆ, ಆಮೇಲೆ ಉಳಿಯೋದು ಒಂದು ಗಿಡ್ಡ ಉ, ಅದನ್ನೇ ನೀವು "ಟ್ಟೂಊಊ" ಅಂತ ಜಗ್ಗಿದ್ದೀರಿ. ನಾನು ಹುಡುಗ ಇದ್ದಾಗ ದಾವಣಗೆರೇಲಿ ಗಣಪತಿ ಹಬ್ಬಕ್ಕೆ ಆರ್ಕೆಸ್ಟ್ರಾ ಹಾಕೋ ಒಂದು ತಂಡದ ಹಿಂದೆ ಸುತ್ತುತಿದ್ದೆ, ಹಾರ್ಮೋನಿಯಂ ಮೇಷ್ಟ್ರಿಗೆ ಎಲೆಅಡಿಕೆ ತಂದ್ಕೊಡೋದು, ಹಾಡಿನ ಪುಸ್ತಕ ನೀಟಾಗಿ ಬರ್ಕೊಡೋದು ನನ್ನ ಕೆಲಸ. ಯಾರಾದ್ರೂ ಹೊಸ ಹಾಡು ತಂದ್ರೆ ಮೇಷ್ಟ್ರು ಅರ್ಥ ಕೇಳ್ತಿರ್ಲಿಲ್ಲ, ಪ್ರತಿ ಸಾಲಿನ ಕೊನೇ ಅಕ್ಷರ ಮಾತ್ರ ಒಂದೊಂದಾಗಿ ಹಾರ್ಮೋನಿಯಂ ಮನೆ ಒತ್ತಿ ಹಿಡಿದು ಎಳೆದು ನೋಡೋರು, ಬಾಯಿ ತೆರೆದೇ ಇದ್ರೆ ಇಟ್ಕೊಳ್ಳೋರು, ಮುಚ್ಚಿಕೊಂಡ್ರೆ ಪೆನ್ಸಿಲ್ಲಲ್ಲಿ ಗುಂಡು ಸುತ್ತೋರು, ಬರೆದೋನ ಮುಖ ಸಹ ನೋಡ್ತಿರ್ಲಿಲ್ಲ. ಮೊದ್ಮೊದ್ಲು ಇದೇನು ಹುಚ್ಚು ಅನ್ಸೋದು. ಹೈಸ್ಕೂಲ್ ಫೀಲ್ಡಲ್ಲಿ ಮೈಕ್ ಮುಂದೆ ಹಂಗೆ ತಿದ್ದಿದ ಹಾಡು ಕೇಳಿದ್ಮೇಲೆ ಅನ್ಸಲಿಲ್ಲ. ನಿಮ್ಮ "ನಾನೇ" ನೋಡ್ರಿ, ಎಷ್ಟು ಬೇಕಾದ್ರೂ ನಿಲ್ಲುತ್ತೆ. ಹಾಡು ಅಲ್ಲಿಗೇ ನಿಲ್ಲಿಸ್ರಿ.

ಉಳಿದ ಚರಣದ ಬಗ್ಗೆ ಏನೂ ಹೇಳಲ್ಲ. ಪಲ್ಲವಿ ಪೂರ್ತಿ ಕಿತ್ತಾಕಿ, ಸಿಗ್ನಲ್ಲಿಂದಲೇ ಶುರು ಮಾಡಿ ಇನ್ನೊಂದ್ಸಲ ಕಳ್ಸಿ. ಮತ್ತೆ ರೆಕಾರ್ಡ್ ಮಾಡುವಾಗ ಮನೇಲಿ ಮಿಕ್ಸಿ ಆಫ್ ಆಗೋತನಕ ಕಾಯ್ರಿ.