ಕುಳ್ಳಗಿರುವ ಮಗನಿಗೆ ಗ್ರೋತ್ ಹಾರ್ಮೋನ್ ಟೆಸ್ಟ್ ಯಾವ ಲ್ಯಾಬಲ್ಲಿ ಮಾಡಿಸಲಿ?

13 ವರ್ಷದ ಮಗ, ಕ್ಲಾಸಿಗೆಲ್ಲ ಅವನೇ ಕುಳ್ಳ, ಮನೆಯವರು ಟೆಸ್ಟ್ ಬೇಡ ಅಂತಾರೆ. ಅಯ್ಯೋ, ಇದು ನಮ್ಮ ಬಸವನಗುಡಿ ಮನೆಯದೇ ಕಥೆ. ಬೆಳೆಯೋ ಹುಡುಗ ಅಂತ ಚಿಕ್ಕಪೇಟೆಯಿಂದ ಉದ್ದನೆಯ ಯೂನಿಫಾರ್ಮ್ ಪ್ಯಾಂಟ್ ತಂದು, ನಾಲ್ಕು ಬೆರಳು ಮಡಿಸಿ ಹೊಲಿಸಿದ್ದೆ. ವರ್ಷವಾದರೂ ಆ ಹೊಲಿಗೆ ಬಿಚ್ಚುವ ಹಾಗಾಗಲಿಲ್ಲ.

ಡಾಕ್ಟರನ್ನೂ ಕೇಳದೆ ಒಂದು ಬೆಳಿಗ್ಗೆ ನಾನೇ ಲ್ಯಾಬಿಗೆ ಕರೆದುಕೊಂಡು ಹೋದೆ. ರಿಪೋರ್ಟಿನಲ್ಲಿ 0.1. ತಂಗಿಗೆ ಫೋನ್ ಮಾಡಿ "ಇವನಿಗೆ ಹಾರ್ಮೋನೇ ಇಲ್ಲ ಕಣೇ" ಎಂದು ಅತ್ತೆ. ತಿರುಗಿ ನೋಡಿದರೆ ಅವನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ.

ಆ ಟೆಸ್ಟ್ ಯಾಕೆ ದಂಡ ಹೇಳುತ್ತೇನೆ. ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ಪಿಟ್ಯುಟರಿ ಗ್ರಂಥಿ ಇದೆ. ಅದು ಈ ಹಾರ್ಮೋನನ್ನು ಬಿಟ್ಟು ಬಿಟ್ಟು ಹರಿಸುತ್ತದೆ, ಜಾಸ್ತಿ ರಾತ್ರಿ ಗಾಢ ನಿದ್ದೆ ಹತ್ತಿದಾಗ. ನಮ್ಮ ಕಾವೇರಿ ನೀರಿನ ಥರ. ನೀರು ಬಿಡದ ಹೊತ್ತಲ್ಲಿ ನಲ್ಲಿ ತಿರುಗಿಸಿ, ಬೆಂಗಳೂರಿಗೆ ಕಾವೇರಿನೇ ಬಂದಿಲ್ಲ ಅಂದರೆ ಹೇಗೆ? ಹಗಲಲ್ಲಿ ಒಂದೇ ಸಲ ರಕ್ತ ತೆಗೆದರೆ ಚೆನ್ನಾಗಿ ಬೆಳೆಯುವ ಮಕ್ಕಳಿಗೂ ಸೊನ್ನೆ ಹತ್ತಿರ ಬರಬಹುದು. ಈ ಹಾರ್ಮೋನ್ ಲಿವರಿನಿಂದ ಐಜಿಎಫ್-1 ಎಂಬ ಇನ್ನೊಂದನ್ನು ಮಾಡಿಸುತ್ತದೆ. ಅದು ದಿನವಿಡೀ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿರುತ್ತದೆ, ಹಾಗಾಗಿ ಡಾಕ್ಟರ್ ಅದನ್ನು ನೋಡುತ್ತಾರೆ. ಆಮೇಲೂ ಅನುಮಾನ ಇದ್ದರೆ ಔಷಧಿ ಕೊಟ್ಟು ಗ್ರಂಥಿಯನ್ನು ಕೆಣಕಿ, ಹೊತ್ತು ಹೊತ್ತಿಗೆ ಹಲವು ಸಲ ರಕ್ತ ತೆಗೆಯುತ್ತಾರೆ. ನನ್ನ 0.1 ನೋಡಿ ಮಕ್ಕಳ ಎಂಡೋಕ್ರೈನಾಲಜಿಸ್ಟ್, ಅಂದರೆ ಹಾರ್ಮೋನ್ ಡಾಕ್ಟರ್, ರಿಪೋರ್ಟನ್ನು ಮಡಿಸಿ ವಾಪಸ್ ಕೊಟ್ಟರು.

"ಹೋದ ವರ್ಷ ಎಷ್ಟು ಎತ್ತರ ಇದ್ದ?" ಎಂದರು. ನನಗೆ ಗೊತ್ತಿರಲಿಲ್ಲ! ಸ್ಕೂಲಿನ ಹೆಲ್ತ್ ಕಾರ್ಡ್ ಹುಡುಕಿದರೆ ವರ್ಷಕ್ಕೆ 5 ಸೆಂ.ಮೀ. ಬೆಳೆದಿದ್ದ. ಎಡಗೈ ಎಕ್ಸ್‌ರೇಯಲ್ಲಿ ಮೂಳೆಯ ವಯಸ್ಸು ಅವನ ವಯಸ್ಸಿಗಿಂತ 2 ವರ್ಷ ಹಿಂದೆ ಇತ್ತು. ಮೂಳೆ ತುದಿಯ ಬೆಳೆಯುವ ಪದರ ಇನ್ನೂ ಮುಚ್ಚಿರಲಿಲ್ಲ. ತಡವಾಗಿ ಬೆಳೆಯುವ ಹುಡುಗ, ಅಷ್ಟೇ. ಗ್ರೋತ್ ಹಾರ್ಮೋನ್ ಇಂಜೆಕ್ಷನ್ ಬೇಕಾಗಲಿಲ್ಲ. ಆದರೆ ಅಷ್ಟು ದಿನ ಹಾಲಿನ ಲೋಟ ಹಿಡಿದರೆ ಸಾಕು, "ಹಾರ್ಮೋನ್ ಇಲ್ದೋನಿಗೆ ಯಾಕೆ" ಎನ್ನುತ್ತಿದ್ದ.

ಹಾಗಾಗಿ ಯಾವ ಲ್ಯಾಬ್ ಅನ್ನುವ ಪ್ರಶ್ನೆಯೇ ಬೇಡ. ಎತ್ತರದ ಪುಡಿಗಳಿಗೂ ದುಡ್ಡು ಸುರಿಯಬೇಡಿ. ಆದರೆ ನಿಮ್ಮ ಮನೆಯವರ ಮಾತು ಕೇಳಿ ಸುಮ್ನೆ ಕೂರುವುದೂ ತಪ್ಪು, ಪದರ ಮುಚ್ಚಿದ ಮೇಲೆ ಯಾವ ಇಂಜೆಕ್ಷನ್ನೂ ಎತ್ತರ ಕೊಡಲ್ಲ. ಹಳೆಯ ಅಳತೆಗಳನ್ನು ಹಿಡಿದು ನೇರ ಡಾಕ್ಟರ ಹತ್ತಿರ ಹೋಗಿ. ನಿಮ್ಮ ಮನೆಯವರನ್ನೂ ಎಳೆದುಕೊಂಡು ಹೋಗಿ. ತಡವಾಗಿ ಬೆಳೆಯೋದು ಅಪ್ಪನಿಂದಲೂ ಬಂದಿರಬಹುದು, ಅದಕ್ಕೇ ಮೀಸೆ ಯಾವಾಗ ಬಂತು ಅಂತ ಅವರನ್ನೂ ಕೇಳುತ್ತಾರೆ. ನಮ್ಮವರಿಗೆ ಪಿಯುಸಿ ಮುಗಿದ ಮೇಲಂತೆ, ಮದುವೆಯಾಗಿ ಅಷ್ಟು ವರ್ಷವಾದರೂ ನನಗದು ಗೊತ್ತೇ ಇರಲಿಲ್ಲ.