ಸಂಪಾದಕರ ಉತ್ತರ: ಗೋಧಿ, ಕರುಳು ಮತ್ತು ದಾಂಪತ್ಯ

ಧಾರವಾಡದ ಓದುಗರಿಗೆ ನಮಸ್ಕಾರ. ಹೆಸರು ಪ್ರಕಟಿಸಬಾರದೆಂದು ಕೇಳಿಕೊಂಡಿದ್ದೀರಿ, ಅದರಂತೆಯೇ ಬಿಟ್ಟಿದ್ದೇವೆ.

ಉಳಿದ ಓದುಗರಿಗಾಗಿ ನಿಮ್ಮ ಪತ್ರದ ಸಾರವನ್ನಷ್ಟೇ ಹೇಳುತ್ತೇನೆ. ನಿಮಗೆ ಮೂವತ್ತೊಂದು ವರ್ಷ, ಮದುವೆಯಾಗಿ ನಾಲ್ಕು ವರ್ಷವಾಗಿದೆ. ವರ್ಷಗಟ್ಟಲೆ ಕಾಡಿದ ರಕ್ತಹೀನತೆ, ಹೊಟ್ಟೆಯುಬ್ಬರ ಮತ್ತು ಭೇದಿಗೆ ಸೀಲಿಯಾಕ್ ಕಾಯಿಲೆಯೇ ಕಾರಣವೆಂದು ಎಂಟು ತಿಂಗಳ ಹಿಂದೆ ಗೊತ್ತಾಯಿತು. ಗೋಧಿ ಬಿಟ್ಟ ಮೇಲೆ ಹೊಟ್ಟೆ ಬಹುಮಟ್ಟಿಗೆ ಸುಧಾರಿಸಿದೆ, ಆದರೆ ಪತಿಯೊಂದಿಗೆ ಕೂಡುವ ಆಸೆಯೇ ಹುಟ್ಟುತ್ತಿಲ್ಲ, ಕೂಡಿದರೂ ನೋವಾಗುತ್ತದೆ. ತಮ್ಮ ಮೇಲೆ ನಿಮಗೆ ಮನಸ್ಸಿಲ್ಲವೆಂದು ಅವರು ನೊಂದುಕೊಂಡಿದ್ದಾರೆ. ಸೀಲಿಯಾಕ್ ಕುರಿತು ನಾವು ಪ್ರಕಟಿಸಿದ ಲೇಖನದಲ್ಲಿ ಈ ವಿಷಯದ ಬಗ್ಗೆ ಒಂದು ಸಾಲೂ ಇರಲಿಲ್ಲವೆಂದು ಆಕ್ಷೇಪಿಸಿ, "ಇದೂ ಕಾಯಿಲೆಯೋ, ನನ್ನ ತಪ್ಪೋ" ಎಂದು ಕೇಳಿದ್ದೀರಿ.

ಆಕ್ಷೇಪ ಸರಿಯಾಗಿದೆ, ಆ ಲೋಪ ನಮ್ಮದು. ನಿಮ್ಮ ಪ್ರಶ್ನೆಗೆ ಉತ್ತರವೆಂದರೆ, ಇದು ನಿಮ್ಮ ತಪ್ಪಲ್ಲ, ಮತ್ತು ಇದಕ್ಕೂ ಕಾಯಿಲೆಗೂ ನಂಟಿರುವ ಸಾಧ್ಯತೆ ಬಹಳ ಹೆಚ್ಚು.

ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದಾಗ, ಸೀಲಿಯಾಕ್ ಇರುವವರ ರೋಗನಿರೋಧಕ ಶಕ್ತಿ ತಮ್ಮದೇ ಸಣ್ಣ ಕರುಳಿನ ಒಳಪದರದ ಮೇಲೆ ತಿರುಗಿಬೀಳುತ್ತದೆ. ಆಹಾರದ ಸತ್ವವನ್ನು ಹೀರಿಕೊಳ್ಳುವ ಪದರವೇ ಸವೆದುಹೋಗುವುದರಿಂದ ಕಬ್ಬಿಣ, ಸತು, ಫೋಲಿಕ್ ಆಮ್ಲ, ಡಿ ವಿಟಮಿನ್ ಯಾವುದೂ ಮೈಗೆ ಹತ್ತುವುದಿಲ್ಲ. ನೆತ್ತರು ಕಡಿಮೆಯಾಗಿ, ಸಂಜೆಯ ಹೊತ್ತಿಗೆ ಮಾಳಿಗೆಯ ಮೆಟ್ಟಿಲು ಹತ್ತಲೂ ತ್ರಾಣವಿಲ್ಲದ ಮೈಯಲ್ಲಿ ಆಸೆ ಹುಟ್ಟದಿರುವುದು ಸಹಜ. ಉಬ್ಬಿದ ಹೊಟ್ಟೆ, ಯಾವ ಕ್ಷಣ ಎದ್ದು ಓಡಬೇಕಾದೀತೋ ಎಂಬ ಅಂಜಿಕೆ ಮತ್ತು ಈ ಕಾಯಿಲೆಯ ಜೊತೆ ಅನೇಕರಲ್ಲಿ ಕಾಣುವ ಖಿನ್ನತೆಯೂ ಇದಕ್ಕೆ ಸೇರಿಕೊಳ್ಳುತ್ತವೆ. ಕಾಯಿಲೆ ಪತ್ತೆಯಾಗದೆ ಉಳಿದಾಗ ಕೆಲವರಲ್ಲಿ ಮುಟ್ಟು ಏರುಪೇರಾಗುವುದು, ಪದೇ ಪದೇ ಗರ್ಭಪಾತವಾಗುವುದು, ಕಡಿಮೆ ತೂಕದ ಮಗು ಹುಟ್ಟುವುದು ಉಂಟು.

ಇಟಲಿಯ ನೇಪಲ್ಸ್‌ನ ವೈದ್ಯರು ಈ ವಿಷಯವನ್ನೇ ಅಧ್ಯಯನ ಮಾಡಿ 1998ರಲ್ಲಿ ಪ್ರಕಟಿಸಿದರು. ಚಿಕಿತ್ಸೆ ಪಡೆಯದ ಸೀಲಿಯಾಕ್ ರೋಗಿಗಳಲ್ಲಿ ಲೈಂಗಿಕ ಸಂಪರ್ಕವೂ ಅದರಿಂದ ಸಿಗುವ ತೃಪ್ತಿಯೂ ಇತರರಿಗಿಂತ ಕಡಿಮೆಯಿತ್ತು, ಒಂದು ವರ್ಷ ಗ್ಲುಟೆನ್ ಬಿಟ್ಟ ಮೇಲೆ ಎರಡೂ ಸುಧಾರಿಸಿದವು. ಇದು ಹೆಂಗಸರಿಗಷ್ಟೇ ಸೇರಿದ ಸಂಗತಿಯಲ್ಲ. 1980ರ ದಶಕದ ಆರಂಭದಲ್ಲಿ ಲಂಡನ್ನಿನ ವೈದ್ಯರು ಸೀಲಿಯಾಕ್ ಇರುವ ಗಂಡಸರನ್ನು ಪರೀಕ್ಷಿಸಿದಾಗ, ಕೆಲವರ ರಕ್ತದಲ್ಲಿ ಗಂಡಸರ ಲೈಂಗಿಕ ಹಾರ್ಮೋನಾದ ಟೆಸ್ಟೋಸ್ಟಿರೋನ್ ಸಾಕಷ್ಟಿದ್ದರೂ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸುತ್ತಿರಲಿಲ್ಲ. ಕರುಳು ವಾಸಿಯಾದಂತೆ ಈ ದೋಷವೂ ಸರಿಹೋಗುತ್ತಿತ್ತು. ಈ ಕಾಯಿಲೆಯಿದ್ದು ಹಾಸಿಗೆಯಲ್ಲಿ ಸೋತೆನೆಂದು ಒಳಗೊಳಗೇ ಕೊರಗುತ್ತಿರುವ ಗಂಡಸರೂ ಇದನ್ನು ಓದಲಿ.

ಹಾಗಾದರೆ ಎಂಟು ತಿಂಗಳಾದರೂ ನಿಮಗೇಕೆ ಗುಣವಾಗಿಲ್ಲ? ದೊಡ್ಡವರಲ್ಲಿ ಕರುಳು ಪೂರ್ತಿ ಮಾಗಲು ಒಂದೆರಡು ವರ್ಷ ಹಿಡಿಯುವುದು ಸಾಮಾನ್ಯ. ಆದರೆ ನಿಮ್ಮ ಪತ್ರದಲ್ಲಿರುವ ಅಡುಗೆಯ ವಿವರ ಓದಿದಾಗ ನನಗೆ ಬೇರೊಂದು ಅನುಮಾನ ಬಂತು. ಗೋಧಿ ಬಿಡಿ ಎಂದರೆ ನಮ್ಮಲ್ಲಿ ಅನೇಕರು ಚಪಾತಿ ಬಿಡುತ್ತಾರೆ, ಉಪ್ಪಿಟ್ಟಿನ ರವೆ, ಶಾವಿಗೆ, ಹೋಳಿಗೆಯ ಮೈದಾ, ಮಾದಲಿ ಇವೆಲ್ಲ ಗೋಧಿಯೇ ಎಂಬುದು ನೆನಪಿಗೆ ಬರುವುದಿಲ್ಲ. ನೀವು ಇಷ್ಟನ್ನೂ ಬಿಟ್ಟು ಜೋಳದ ರೊಟ್ಟಿ, ಅನ್ನ, ಸಾರಿಗೆ ಬಂದಿದ್ದೀರಿ. ಆ ಸಾರಿನ ಒಗ್ಗರಣೆಗೆ ಹಾಕುವ ಇಂಗಿನ ಡಬ್ಬಿಯನ್ನು ಒಮ್ಮೆ ತಿರುಗಿಸಿ ನೋಡಿ. ಅಂಗಡಿಯಲ್ಲಿ ಸಿಗುವ ಇಂಗು ಸಾಮಾನ್ಯವಾಗಿ ಹಿಟ್ಟು ಬೆರೆಸಿದ್ದಾಗಿರುತ್ತದೆ, ಎಷ್ಟೋ ಡಬ್ಬಿಗಳಲ್ಲಿ ಆ ಹಿಟ್ಟು ಗೋಧಿಯದೇ. ಜೋಳವನ್ನು ಓಣಿಯ ಗಿರಣಿಯಲ್ಲಿ ಬೀಸಿಸುತ್ತೇವೆ ಎಂದೂ ಬರೆದಿದ್ದೀರಿ. ನಿಮಗಿಂತ ಮುಂಚಿನವರು ಗೋಧಿ ಬೀಸಿಸಿಕೊಂಡು ಹೋಗಿದ್ದರೆ ಕಲ್ಲಿಗೆ ಅಂಟಿದ ಗೋಧಿ ಹಿಟ್ಟು ನಿಮ್ಮ ಡಬ್ಬಕ್ಕೇ ಬರುತ್ತದೆ. ನಮ್ಮ ದೇಶದ ನಿಯಮದಂತೆ ಗ್ಲುಟೆನ್ ಮುಕ್ತವೆಂದು ಮಾರುವ ಆಹಾರದಲ್ಲಿ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು. ಅಷ್ಟು ಸೂಕ್ಷ್ಮವಾದ ಲೆಕ್ಕ ಗಿರಣಿಯಲ್ಲಿ ಉಳಿಯುವುದಿಲ್ಲ. ಮನೆಯಲ್ಲೇ ಬೀಸಿಕೊಳ್ಳಲು ಸಾಧ್ಯವೇ ನೋಡಿ. ಸೀಲಿಯಾಕ್ ಇರುವವರ ರಕ್ತದಲ್ಲಿ ಏರುವ ಟಿಟಿಜಿ ಪ್ರತಿಕಾಯದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ. ಅದು ಇಳಿಯದೆ ನಿಂತಿದ್ದರೆ ಎಲ್ಲೋ ಗ್ಲುಟೆನ್ ಒಳಗೆ ಹೋಗುತ್ತಿದೆ ಎಂದೇ ಸಾಮಾನ್ಯವಾಗಿ ಅರ್ಥ.

ನೋವಿನ ವಿಷಯವನ್ನು ಮಾತ್ರ ಪಥ್ಯಕ್ಕೆ ಬಿಟ್ಟು ಕಾಯಬೇಡಿ. ಸೋಂಕು, ಯೋನಿಯ ಒಣಗುವಿಕೆ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ), ಭಯದಿಂದ ಸ್ನಾಯು ಬಿಗಿಹಿಡಿಯುವುದು ಹೀಗೆ ಅದಕ್ಕೆ ಬೇರೆ ಕಾರಣಗಳೂ ಇರುತ್ತವೆ, ಅವಕ್ಕೆ ಚಿಕಿತ್ಸೆಯೂ ಇದೆ. ಸ್ತ್ರೀರೋಗ ತಜ್ಞೆಯ ಬಳಿ ಹೋಗಿ. ಹೋದಾಗ "ಹೊಟ್ಟೆನೋವು" ಎಂದು ಮರೆಮಾಚದೆ, ಸಂಭೋಗದ ವೇಳೆ ಎಲ್ಲಿ, ಯಾವಾಗ ನೋವಾಗುತ್ತದೆ ಎಂಬುದನ್ನು ಹೇಳಿ. ಬಾಯಲ್ಲಿ ಹೇಳಲಾಗದಿದ್ದರೆ ನನಗೆ ಬರೆದಂತೆಯೇ ಚೀಟಿಯಲ್ಲಿ ಬರೆದು ಕೊಡಿ. ಸೀಲಿಯಾಕ್ ಇದೆಯೆಂಬುದನ್ನು ಮೊದಲೇ ತಿಳಿಸಬೇಕು. 2016ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಉತ್ತರ ಭಾರತದಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಮಂದಿಯಲ್ಲಿ ಕಂಡ ಈ ಕಾಯಿಲೆ ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಲ್ಲಿ ಮಾತ್ರ ಕಂಡಿತ್ತು. ಹಾಗಾಗಿ ನಮ್ಮ ಭಾಗದ ವೈದ್ಯರಿಗೆ ಇಂಥ ರೋಗಿಗಳು ಎದುರಾಗುವುದೇ ಅಪರೂಪ.

ಅಲ್ಲಿಗೆ ಹೋದಾಗ ಇನ್ನೆರಡು ಸಂಗತಿ ಕೇಳಿ. ಕರುಳು ವಾಸಿಯಾಗುವವರೆಗೆ, ಅದರಲ್ಲೂ ಭೇದಿಯಿದ್ದಾಗ, ಗರ್ಭನಿರೋಧಕ ಮಾತ್ರೆಯೊಂದನ್ನೇ ನಂಬಬಹುದೇ ಎಂಬುದು ಒಂದು. ಇನ್ನೊಂದು ಹೆಪಟೈಟಿಸ್ ಬಿ. ಲೈಂಗಿಕ ಸಂಪರ್ಕದಿಂದಲೂ ಹರಡುವ ಈ ಸೋಂಕಿನ ಲಸಿಕೆ ಸೀಲಿಯಾಕ್ ಇರುವವರಲ್ಲಿ ಇತರರಷ್ಟು ಚೆನ್ನಾಗಿ ಕೆಲಸ ಮಾಡದಿರುವುದು ಕಂಡುಬಂದಿದೆ. ಚಿಕ್ಕವರಿದ್ದಾಗ ಹಾಕಿಸಿಕೊಂಡಿದ್ದರೂ ರಕ್ಷಣೆ ಉಳಿದಿದೆಯೇ ಎಂದು ರಕ್ತಪರೀಕ್ಷೆಯಿಂದ ತಿಳಿಯಬಹುದು, ಇಲ್ಲದಿದ್ದರೆ ಮತ್ತೆ ಹಾಕಿಸಿಕೊಳ್ಳಬಹುದು.

ನಿಮ್ಮ ಪತಿಯವರಿಗೆ ಹೇಳಬೇಕೇ ಎಂದು ಕೇಳಿದ್ದೀರಿ. ಹೇಳಲೇಬೇಕು ಎಂಬುದು ನನ್ನ ಅಭಿಪ್ರಾಯ, ಆದರೆ ರಾತ್ರಿ ಹಾಸಿಗೆಯಲ್ಲಿ, ಇಬ್ಬರಿಗೂ ಮನಸ್ಸು ಮುದುಡಿರುವ ಹೊತ್ತಿನಲ್ಲಿ ಅಲ್ಲ. ಸಂಜೆ ವಾಕಿಂಗ್ ಹೋದಾಗಲೋ ಊರಿಗೆ ಹೋಗುವ ಬಸ್ಸಿನಲ್ಲೋ ಹೇಳಿ. ಮುಂದಿನ ಸಲ ವೈದ್ಯರ ಬಳಿಗೆ ಅವರನ್ನೂ ಕರೆದುಕೊಂಡು ಹೋಗಿ. ಹೆಂಡತಿಯ ಹಿಮೋಗ್ಲೋಬಿನ್ ಎಷ್ಟಿದೆ, ಕರುಳಿನ ತುಣುಕಿನ ಪರೀಕ್ಷೆಯಲ್ಲಿ ಏನು ಕಂಡಿತ್ತು ಎಂಬುದನ್ನು ವೈದ್ಯರ ಬಾಯಿಂದ ಕೇಳಿದರೆ ಅವರ ಮನಸ್ಸಿನ ನೋವು ಅರ್ಧ ಇಳಿಯಬಹುದು. ನೋವಾಗುವಷ್ಟು ಕಾಲ ಕೂಡುವುದನ್ನು ನಿಲ್ಲಿಸಿ, ಉಳಿದ ಸಲಿಗೆಯನ್ನು ನಿಲ್ಲಿಸಬೇಡಿ.

ಪತ್ರದ ಮೂರನೆಯ ಪುಟದ ಅಂಚಿನಲ್ಲಿ ಒಂದು ಸಾಲು ಬರೆದು ಅದರ ಮೇಲೆ ಎರಡು ಗೆರೆ ಎಳೆದಿದ್ದೀರಿ, ಆದರೂ ಓದಲು ಬರುತ್ತದೆ. ಚಪಾತಿ ಉಂಡು ಬಂದ ಪತಿ ಮುತ್ತಿಟ್ಟರೆ ತೊಂದರೆಯೇ ಎಂದು ಕೇಳಿದ್ದೀರಿ. ಸಂಕೋಚಪಡುವ ಪ್ರಶ್ನೆ ಇದಲ್ಲ, ಅಮೆರಿಕದ ಸಂಶೋಧಕರು ಹತ್ತು ಜೋಡಿಗಳನ್ನಿಟ್ಟುಕೊಂಡು ಇದನ್ನೇ ಪರೀಕ್ಷಿಸಿದ್ದಾರೆ. ಗ್ಲುಟೆನ್ ತಿಂದವರು ಅರ್ಧ ಲೋಟದಷ್ಟು ನೀರು ಕುಡಿದು ಮುತ್ತಿಟ್ಟಾಗ ಸಂಗಾತಿಯ ಎಂಜಲಿನಲ್ಲಿ ಸಿಕ್ಕ ಗ್ಲುಟೆನ್ ತೀರಾ ಅತ್ಯಲ್ಪ. ಊಟವಾದ ಮೇಲೆ ಬಾಯಿ ಮುಕ್ಕಳಿಸಿ, ಒಂದು ಲೋಟ ನೀರು ಕುಡಿದು ಬರುವಂತೆ ಅವರಿಗೆ ಹೇಳಿ.