ಕನ್ನಡದಲ್ಲಿ ವೈಜ್ಞಾನಿಕ ಕಥೆ ಬರೆಯುವವರ ದಿನ ಹೇಗಿರುತ್ತೆ? ಇದನ್ನೇ ನಂಬಿಕೊಂಡು ಬದುಕಬಹುದಾ? ಇದಕ್ಕೆ ವಿಜ್ಞಾನದ ಡಿಗ್ರಿ ಬೇಕಾ? ನಾನು ಬಿಇ ಓದುತ್ತಿದ್ದೇನೆ.

ಬದುಕಲು ಆಗುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಬಿಇ ಓದುತ್ತಿದ್ದೇನೆ ಅಂದಿದ್ದೀರಿ, ಓದು ಮುಗಿಸಿ, ಒಂದು ಕೆಲಸ ಹಿಡಿಯಿರಿ. ನನ್ನ ಕೆಲವು ಕಥೆಗಳು ಪತ್ರಿಕೆಗಳಲ್ಲಿ ಬಂದಿವೆ, ಪುಸ್ತಕ ಇನ್ನೂ ಆಗಿಲ್ಲ. ಒಂದು ಕಥೆಗೆ ಬರುವ ಗೌರವಧನ ತಿಂಗಳ ಮೆಟ್ರೋ ಖರ್ಚಿಗೂ ಸಾಲದು. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ದಿನವಿಡೀ ಮೈಕ್ರೋಮೀಟರ್ ಹಿಡಿದು ಅಳೆಯುವ ಕೆಲಸ.

ಬರೆಯುವುದು ಬೆಳಗ್ಗೆ, ಮನೆಯವರು ಏಳುವ ಮುಂಚೆ. ಮೆಟ್ರೋದಲ್ಲಿ ಓದುತ್ತೇನೆ, ಇಲ್ಲವೇ ಹಿಂದಿನ ದಿನ ಬರೆದದ್ದನ್ನು ಮೊಬೈಲಿನಲ್ಲೇ ತಿದ್ದುತ್ತೇನೆ. ರಾತ್ರಿ ತಲೆ ಓಡುವುದಿಲ್ಲ, ಆಗ ಲೆಕ್ಕ ಹಾಕುವುದು, ಮಾಹಿತಿ ಹುಡುಕುವುದು ಇಷ್ಟೇ.

ಕಲ್ಪನೆಯನ್ನು ಅದರ ಪಾಡಿಗೆ ಬಿಟ್ಟರೆ ಸಾಕು, ಕಥೆ ತಾನೇ ಹರಿಯುತ್ತೆ ಅಂತ ಜನ ತಿಳಿದಿರುತ್ತಾರೆ. ನಿಜವಾದ ಕೆಲಸ ಬೇರೆಯೇ. ಮಗ ಮಂಗಳ ಗ್ರಹದಲ್ಲಿ, ಅಮ್ಮ ಹಾಸನದಲ್ಲಿ, ಇದು ನನ್ನ ಒಂದು ಕಥೆ. ಇಬ್ಬರೂ ಫೋನಿನಲ್ಲಿ ಮಾತಾಡಬಹುದಾ? ಮಂಗಳ ಹತ್ತಿರ ಇದ್ದಾಗ ರೇಡಿಯೋ ಸಂಕೇತ ಅಲ್ಲಿಗೆ ತಲುಪಲು ಸುಮಾರು 3 ನಿಮಿಷ ಬೇಕು, ದೂರ ಹೋದಾಗ 22 ನಿಮಿಷ. ಅಂದರೆ ಮಂಗಳ ದೂರ ಇದ್ದಾಗ ಅಮ್ಮ "ಊಟ ಆಯ್ತೇನೋ?" ಅಂತ ಕೇಳಿದರೆ "ಆಯ್ತಮ್ಮ" ಅನ್ನುವ ಉತ್ತರ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿರುತ್ತೆ. ಹಾಗಾಗಿ ಮಾತುಕತೆಯೇ ಇಲ್ಲ. ಒಬ್ಬರು ಹೇಳುವುದನ್ನೆಲ್ಲ ಹೇಳಿ ಕಳಿಸಬೇಕು, ಇನ್ನೊಬ್ಬರು ಕೇಳಿಸಿಕೊಂಡು ಆಮೇಲೆ ಹೇಳಬೇಕು. ನಡುವೆ ಬಾಯಿ ಹಾಕುವಂತಿಲ್ಲ, ಜಗಳ ಆಡುವಂತಿಲ್ಲ, ಅಳು ಬಂದರೆ ಆ ಕ್ಷಣಕ್ಕೆ ಸಮಾಧಾನ ಹೇಳುವವರೂ ಇಲ್ಲ. ಇನ್ನೊಂದು ಸಂಗತಿ ಗೊತ್ತಾ, ಎರಡು ವರ್ಷಕ್ಕೊಮ್ಮೆ ಸೂರ್ಯ ಭೂಮಿಗೂ ಮಂಗಳಕ್ಕೂ ಅಡ್ಡ ಬರುತ್ತಾನೆ. ಸೂರ್ಯನ ಸುತ್ತಲಿನ ಬಿಸಿ ಅನಿಲ ಸಂಕೇತವನ್ನು ಕೆಡಿಸುತ್ತೆ ಅಂತ ಆಗ ಸುಮಾರು ಎರಡು ವಾರ ನಾಸಾದವರು ಅಲ್ಲಿನ ನೌಕೆಗಳಿಗೆ ಆದೇಶ ಕಳಿಸುವುದನ್ನೇ ನಿಲ್ಲಿಸುತ್ತಾರೆ. ಇದನ್ನು ಓದಿದ ದಿನವೇ ನನಗೆ ಕಥೆ ಸಿಕ್ಕಿತು. ಆ ಎರಡು ವಾರ ಅಮ್ಮ ಏನು ಮಾಡ್ತಾಳೆ?

ವಿಜ್ಞಾನದ ಭಾಗ ಒಂದೆರಡು ಸಂಜೆಯಲ್ಲಿ ಮುಗಿಯುತ್ತೆ. ಅಮ್ಮನನ್ನು ಹಿಡಿಯುವುದಕ್ಕೇ ತಿಂಗಳುಗಟ್ಟಲೆ ಬೇಕು. ಅದಕ್ಕೆ ನಾನು ಹೋಗಿ ಕೂತದ್ದು ನಮ್ಮ ದೊಡ್ಡಮ್ಮನ ಹತ್ತಿರ. ದೊಡ್ಡಪ್ಪ ಮುಂಬೈಯಲ್ಲಿದ್ದಾಗ ಅವರು ಅಂಚೆ ಕಚೇರಿಗೆ ಹೋಗಿ ಟ್ರಂಕ್ ಕಾಲ್ ಬುಕ್ ಮಾಡಿ, ಲೈನ್ ಸಿಗುವವರೆಗೂ ಅಲ್ಲೇ ಬೆಂಚಿನ ಮೇಲೆ ಕಾಯುತ್ತಿದ್ದರಂತೆ. ಏನೇನು ಹೇಳಬೇಕು ಅಂತ ಹಾಲಿನ ಲೆಕ್ಕದ ಚೀಟಿಯ ಹಿಂದೆ ಬರೆದುಕೊಂಡು ಹೋಗುತ್ತಿದ್ದರಂತೆ, ಲೈನ್ ಸಿಕ್ಕಾಗ ಚೀಟಿ ನೋಡುವುದೇ ಮರೆತು "ಚೆನ್ನಾಗಿದೀರಾ, ಚೆನ್ನಾಗಿದೀರಾ" ಅಂತ ಅದನ್ನೇ ಕೇಳುತ್ತಿದ್ದರಂತೆ. ಆ ಚೀಟಿ ಹಾಗೇ ನನ್ನ ಕಥೆಗೆ ಬಂತು. ಮಂಗಳದ ಕಥೆಗೆ ಬೇಕಾದ್ದು ನಾಸಾ ಪುಟದಲ್ಲಿ ಎಷ್ಟು ಇತ್ತೋ ನಮ್ಮ ಮನೆಯ ನಡುಮನೆಯಲ್ಲೂ ಅಷ್ಟೇ ಇತ್ತು.

ಬರೆದ ಮೇಲೆ ಇಬ್ಬರಿಗೆ ಓದಲು ಕೊಡುತ್ತೇನೆ. ಒಬ್ಬರು ಭೌತಶಾಸ್ತ್ರ ಪಾಠ ಮಾಡುವ ಗೆಳೆಯ, ಅವನು ಲೆಕ್ಕ ನೋಡ್ತಾನೆ. ಇನ್ನೊಬ್ಬರು ಪಕ್ಕದ ಮನೆಯ ಅಕ್ಕ. ಅವರಿಗೆ ವಿಜ್ಞಾನದ ಗಂಧ ಇಲ್ಲ, ಆದರೆ ಧಾರಾವಾಹಿ, ಕಾದಂಬರಿ ಒಂದೂ ಬಿಡುವುದಿಲ್ಲ. ಅವರು ಎಲ್ಲಿ ಓದು ನಿಲ್ಲಿಸಿದರು ಅಂತ ಪೆನ್ಸಿಲ್ ಗುರುತು ಹಾಕಿಸಿಕೊಳ್ಳುತ್ತೇನೆ. ಈ ಕಥೆಯಲ್ಲಿ, ದೂರದ ನೌಕೆಗಳ ಸಂಕೇತ ಹಿಡಿಯಲು ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ ಇಸ್ರೋ ಇಟ್ಟಿರುವ 32 ಮೀಟರ್ ಆಂಟೆನಾ ಹೇಗೆ ಕೆಲಸ ಮಾಡುತ್ತೆ ಅಂತ ಎರಡು ಪುಟ ಇತ್ತು. ಗುರುತು ಸರಿಯಾಗಿ ಅಲ್ಲೇ ಬಿತ್ತು. ಈಗ ಅಲ್ಲಿ ಉಳಿದಿರುವುದು ಒಂದೇ ವಾಕ್ಯ, ಬಸ್ಸಿನ ಕಿಟಕಿಯಿಂದ ಅಮ್ಮ ಆ ಬಿಳಿ ತಟ್ಟೆಯನ್ನು ನೋಡುವುದು.

ಪತ್ರಿಕೆಗೆ ಕಳಿಸುವುದು ಸುಲಭ, ಕಾಯುವುದು ಕಷ್ಟ. ಟೈಪ್ ಮಾಡಿದ ಕಥೆಯನ್ನು ಕೆಲವರು ಯೂನಿಕೋಡ್ ಅಕ್ಷರದಲ್ಲಿ ಕೇಳುತ್ತಾರೆ, ಕೆಲವರು ನುಡಿ ತಂತ್ರಾಂಶದ ಅಕ್ಷರದಲ್ಲಿ. ಬಹಳ ಸಲ ಉತ್ತರವೇ ಬರುವುದಿಲ್ಲ. ಒಂದು ಕಥೆ ಕಳಿಸಿದ ದಿನವೇ ಇನ್ನೊಂದು ಶುರು ಮಾಡಿ, ಸುಮ್ನೆ ಮೇಲ್ ನೋಡ್ತಾ ಕೂರಬೇಡಿ.

ವಿಜ್ಞಾನದ ಡಿಗ್ರಿ ಬೇಕಾ ಅಂತಲೂ ಕೇಳಿದ್ದೀರಿ. ಬೇಡ, ಆದರೆ ಅನುಮಾನ ಬಂದದ್ದನ್ನು ಪರಿಶೀಲಿಸದೆ ಬಿಡದ ಹಟ ಬೇಕು. ನಾನೀಗ ಕೆಜಿಎಫ್ ಮೇಲೆ ಒಂದು ಕಥೆ ಶುರು ಮಾಡಿದ್ದೇನೆ. 1965ರಲ್ಲಿ ಅಲ್ಲಿ ಚಿನ್ನದ ಗಣಿಯೊಳಗೆ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ, ಅಂದರೆ ಯಾವುದಕ್ಕೂ ಸುಲಭಕ್ಕೆ ತಾಗದೆ ಹಾದುಹೋಗುವ ಅತಿ ಸಣ್ಣ ಕಣಗಳ, ಗುರುತು ಸಿಕ್ಕಿತ್ತು. ಅಷ್ಟು ಆಳಕ್ಕೆ ಯಾಕೆ ಇಳಿದರು ಅಂದರೆ, ಮೇಲಿನ ಬಂಡೆ ಬೇರೆ ಕಣಗಳನ್ನೆಲ್ಲ ಬಹುಮಟ್ಟಿಗೆ ತಡೆಯುತ್ತೆ, ನ್ಯೂಟ್ರಿನೋ ಮಾತ್ರ ಹಾದು ಬರುತ್ತೆ. ಇದೆಲ್ಲ ಪುಸ್ತಕದಲ್ಲಿದೆ. ಆದರೆ ಅಷ್ಟು ಕೆಳಗೆ ಊಟದ ಡಬ್ಬಿ ತೆಗೆದಾಗ ಅನ್ನ ಹೇಗಿರುತ್ತಿತ್ತು, ಬೆವರು ಒರೆಸಿಕೊಳ್ಳಲು ಏನು ಇಟ್ಟುಕೊಂಡಿರುತ್ತಿದ್ದರು, ಮೇಲೆ ಬಂದ ತಕ್ಷಣ ಮೊದಲು ಏನು ಮಾಡುತ್ತಿದ್ದರು, ಇವು ಎಲ್ಲೂ ಸಿಗುತ್ತಿಲ್ಲ. ಗಣಿ 2001ರಲ್ಲೇ ಮುಚ್ಚಿತು, ಕೆಲಸ ಮಾಡಿದವರಿಗೆ ಈಗ ವಯಸ್ಸಾಗಿದೆ. ಈ ಭಾನುವಾರ ಬೆಳಗಿನ ರೈಲಿಗೆ ಅಲ್ಲಿಗೆ ಹೋಗುತ್ತಿದ್ದೇನೆ. ನಿಮ್ಮ ಕಡೆ ಗಣಿಯಲ್ಲಿ ಇಳಿದು ದುಡಿದವರು ಯಾರಾದರೂ ಇದ್ದರೆ, ಮಾತಾಡಲು ಅವರಿಗೆ ಇಷ್ಟ ಇದ್ದರೆ, ದಯವಿಟ್ಟು ತಿಳಿಸಿ.